ಪೀರ್‌ಸಾಹಿಬರ ಶಿಷ್ಯನೂ ಶೆಪ್ಪರ್ಟನ್ನಿನ ಶನಿವಾರವೂ

ಡಿಸೆಂಬರ್ ಬಂತೆಂದರೆ ನಮ್ಮ ಕಡೆ ಕರೆಂಟ್ ಕಂಬಗಳಿಗೆಲ್ಲ ಫ್ಲೆಕ್ಸ್ ಏರುತ್ತದೆ. ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟ, ವಾಲಿಬಾಲ್ ಪಂದ್ಯಾಟ, ಅಂಡರ್ ಆರ್ಮ್ ಕ್ರಿಕೆಟ್, ಸೆವೆನ್ಸ್ ಫುಟ್ಬಾಲ್. ಮೇಲೆ ಅತಿಥಿಗಳ ಫೋಟೊ, ನಡುವೆ ನಗದು ಬಹುಮಾನ, ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು: ‘ಸಮಾಜ ಬಾಂಧವರಿಗಾಗಿ’ ಅಥವಾ ‘ಆಹ್ವಾನಿತ ತಂಡಗಳಿಗೆ ಮಾತ್ರ’. ಆ ಸಣ್ಣ ಸಾಲನ್ನು ನಾವು ಯಾರೂ ಓದುವುದಿಲ್ಲ. ಓದುವವನು ಕರೆ ಬಾರದೆ ಹೊರಗೆ ಉಳಿದವನು ಮಾತ್ರ.

ಇವತ್ತು ನಾವು ಹೇಳಲು ಹೊರಟಿರುವುದು ತುಂಬ ದೂರದ ಒಂದು ಲೀಗ್‌ನ ಕಥೆ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ ಮೆಲ್ಬರ್ನ್‌ನಿಂದ ಉತ್ತರಕ್ಕೆ ಸುಮಾರು 180 ಕಿಲೋಮೀಟರ್, ಅಂದರೆ ಮಂಗಳೂರಿನಿಂದ ಹಾಸನದಷ್ಟು ದೂರದಲ್ಲಿ ಶೆಪ್ಪರ್ಟನ್ ಎಂಬ ಪೇಟೆ ಉಂಟು. ಗೌಲ್‌ಬರ್ನ್ ನದಿಯ ಆಚೆ ದಡದಲ್ಲಿ ಮೂರೂಪ್ನಾ. ನೇತ್ರಾವತಿಯ ಆಚೆ ಈಚೆ ಮಂಗಳೂರು, ಉಳ್ಳಾಲ ಇದ್ದಂತೆ ಅಂತ ಇಟ್ಟುಕೊಳ್ಳಿ. ಸುತ್ತ ಪಿಯರ್, ಪೀಚ್, ಸೇಬಿನ ತೋಟಗಳು. ಹಣ್ಣನ್ನು ಡಬ್ಬಿಗೆ ತುಂಬುವ ಎಸ್‌ಪಿಸಿ ಕಾರ್ಖಾನೆಯನ್ನು ತೋಟದವರೇ ಸೇರಿ 1917ರಲ್ಲಿ ಕಟ್ಟಿದರು. ಈ ಕಣಿವೆಯಲ್ಲಿ 1890ರ ದಶಕದಿಂದಲೂ ಊರೂರುಗಳ ನಡುವೆ ಫುಟ್ಬಾಲ್ ಲೀಗ್ ನಡೆಯುತ್ತಾ ಬಂದಿದೆ. ಇವತ್ತು ಅದರ ಹೆಸರು ಗೌಲ್‌ಬರ್ನ್ ವ್ಯಾಲಿ ಫುಟ್ಬಾಲ್ ನೆಟ್‌ಬಾಲ್ ಲೀಗ್. ಶೆಪ್ಪರ್ಟನ್, ಮೂರೂಪ್ನಾ, ಕ್ಯಾಬ್ರಾಮ್, ಇಚೂಕಾ, ರೋಚೆಸ್ಟರ್, ಟಾಟುರಾ, ಬೆನಾಲಾ, ಸೀಮೋರ್ ಎಂದು ಹನ್ನೆರಡು ಕ್ಲಬ್ಬುಗಳು. ಶೆಪ್ಪರ್ಟನ್ ಪೇಟೆಯಿಂದಲೇ ಮೂರು. ಒಂದೇ ಪೇಟೆಯಲ್ಲಿ ಮೂರು ಕ್ಲಬ್ ಯಾಕೆ ಅಂತ ಕೇಳಬೇಡಿ. ನಮ್ಮಲ್ಲಿ ಒಂದೇ ಜಂಕ್ಷನ್‌ನಲ್ಲಿ ಮೂರು ‘ಫ್ರೆಂಡ್ಸ್’ ಇರುವುದಿಲ್ಲವಾ, ಹಾಗೆ.

ಫುಟ್ಬಾಲ್ ಎಂದಾಗ ಗಲ್ಫ್‌ನ ಕೋಣೆಯಲ್ಲಿ ರಾತ್ರಿ ಎಚ್ಚರವಿದ್ದು ನೋಡುವ ಆಟ ಎಂದುಕೊಳ್ಳಬೇಡಿ. ಇದು ಅವರದ್ದೇ ಆಟ, ಬಾಯಿ ಮಾತಿನಲ್ಲಿ ‘ಫೂಟಿ’. ಇದರ ನಿಯಮಗಳನ್ನು 1859ರಲ್ಲಿ ಮೆಲ್ಬರ್ನ್‌ನಲ್ಲಿ ಬರೆದರು. ಬೇಸಗೆಯಲ್ಲಿ ಕ್ರಿಕೆಟ್ ಆಡುವ ದುಂಡು ಮೈದಾನದಲ್ಲೇ ಚಳಿಗಾಲದಲ್ಲಿ ಈ ಆಟ. ಒಂದು ಕಡೆಗೆ 18 ಜನ. ಚೆಂಡು ಮೊಟ್ಟೆಯ ಆಕಾರ. ಕೈಯಲ್ಲಿ ಹಿಡಿಯಬಹುದು, ಹಿಡಿದು ಓಡಬಹುದು, ಆದರೆ ಓಡುತ್ತಾ ನೆಲಕ್ಕೆ ಪುಟಿಸುತ್ತಿರಬೇಕು. ಎಸೆಯುವ ಹಾಗಿಲ್ಲ, ಒಂದೋ ಒದೆಯಬೇಕು, ಇಲ್ಲ ಮುಷ್ಟಿಯಿಂದ ಗುದ್ದಬೇಕು. ಎರಡೂ ತುದಿಗೆ ನಾಲ್ಕು ನಾಲ್ಕು ಕಂಬ. ನಡುವಿನ ಎರಡು ಕಂಬಗಳ ಮಧ್ಯೆ ಒದ್ದರೆ 6 ಅಂಕ, ಪಕ್ಕದ ಸಂದಿಯಲ್ಲಿ ಹೋದರೆ ‘ಬಿಹೈಂಡ್’ ಎಂದು 1 ಅಂಕ. ಪತ್ರಿಕೆಯಲ್ಲಿ 13-10-88 ಎಂದು ಬಂದರೆ 13 ಗೋಲು, 10 ಬಿಹೈಂಡ್, ಒಟ್ಟು 88. ಗೋಲು ತಪ್ಪಿದವನಿಗೂ ಒಂದು ಅಂಕ ಸಿಗುವ ಆಟ ಇದು. ಈ ಲೀಗ್‌ನ ಸಮಿತಿಗಳಿಗೆ ಮಾತ್ರ ಅಷ್ಟು ಔದಾರ್ಯ ಎಲ್ಲರ ಮೇಲೂ ಇರಲಿಲ್ಲ.

ಆ ಮಾತಿಗೆ ಬರುವ ಮೊದಲು ಒಬ್ಬ ಮೇಷ್ಟ್ರ ಪರಿಚಯ ಮಾಡಿಸಬೇಕು.

ಆಟದ ನಿಯಮ ಬರೆದ ಅದೇ 1859ರಲ್ಲಿ ಮಾರಿಷಸ್ ದ್ವೀಪದಲ್ಲಿ ಭಾರತ ಮೂಲದ ಕುಟುಂಬವೊಂದರಲ್ಲಿ ಒಂದು ಗಂಡು ಮಗು ಹುಟ್ಟಿತು. ಹೆಸರು ಶದ್ರಕ್ ಜೇಮ್ಸ್ ಪೀರ್‌ಸಾಹಿಬ್. ಹೌದು, ಪೀರ್‌ಸಾಹಿಬ್. ಆಗಿನ ಕಾಲಕ್ಕೆ ನಮ್ಮ ದೇಶದಿಂದ ಕಬ್ಬಿನ ತೋಟಕ್ಕೆ, ಬಂದರಿಗೆ, ಕಚೇರಿಗೆ ಎಂದು ಹಡಗು ಹತ್ತಿದವರ ಮಕ್ಕಳು ಮಾರಿಷಸ್ ತುಂಬ ಇದ್ದರು. ಇವರ ಮನೆ ಅಷ್ಟರಲ್ಲೇ ಕ್ರೈಸ್ತ ಮನೆಯಾಗಿತ್ತು. ಹುಡುಗ ದೊಡ್ಡವನಾಗಿ ಆಸ್ಟ್ರೇಲಿಯಾಕ್ಕೆ ಬಂದ. ಪೀರ್‌ಸಾಹಿಬ್ ಎಂಬ ಹೆಸರು ಬಿಟ್ಟು ಥಾಮಸ್ ಶದ್ರಕ್ ಜೇಮ್ಸ್ ಆದ. 1881ರಲ್ಲಿ ಮರ್ರೆ ನದಿಯ ದಡದ ಮಲೋಗಾ ಎಂಬಲ್ಲಿ, ಡೇನಿಯಲ್ ಮ್ಯಾಥ್ಯೂಸ್ ಎಂಬ ಪಾದ್ರಿ ನಡೆಸುತ್ತಿದ್ದ ಮೂಲನಿವಾಸಿಗಳ ನೆಲೆಯಲ್ಲಿ ಮೇಷ್ಟ್ರಾಗಿ ನಿಂತ. ಮೊದಲಿಗೆ ಸಂಬಳವೂ ಇರಲಿಲ್ಲ.

ಆ ಜನ ಯೋರ್ಟಾ ಯೋರ್ಟಾ. ಮರ್ರೆ, ಗೌಲ್‌ಬರ್ನ್ ನದಿಗಳ ಕಣಿವೆ ಅವರದ್ದೇ ನೆಲ. ತೋಟ, ಕುರಿ, ಬೇಲಿ ಎಲ್ಲ ಬಂದದ್ದು ಆಮೇಲೆ. 1888ರಲ್ಲಿ ಅವರನ್ನು ಮಲೋಗಾದಿಂದ ಸ್ವಲ್ಪ ಮೇಲಕ್ಕೆ, ಕಮ್ಮೆರಗುಂಜ ಎಂಬ ಸರಕಾರಿ ನೆಲೆಗೆ ಒಯ್ದರು. ಜೇಮ್ಸ್ ಮೇಷ್ಟ್ರೂ ಜೊತೆಗೆ ಹೋದರು. ಅದೇ ಸಮುದಾಯದ ಹೆಣ್ಣುಮಗಳು ಅಡಾ ಕೂಪರ್ ಅವರನ್ನು ಮದುವೆಯಾದರು. ಬಿಳಿಯರ ಮಕ್ಕಳಿಗೆ ಕಲಿಸಿದ್ದನ್ನೇ ಈ ಮಕ್ಕಳಿಗೂ ಕಲಿಸಿದರು. ಅರ್ಜಿ ಬರೆಯುವುದನ್ನು ಕಲಿಸಿದರು, ಸಭೆಯಲ್ಲಿ ನಿಂತು ಮಾತಾಡುವುದನ್ನು ಕಲಿಸಿದರು. ಆಸ್ಟ್ರೇಲಿಯಾದ ಮೂಲನಿವಾಸಿಗಳ ಹಕ್ಕಿನ ಹೋರಾಟದಲ್ಲಿ ಮುಂದೆ ದೊಡ್ಡ ಹೆಸರು ಮಾಡಿದವರಲ್ಲಿ ಬಹಳ ಮಂದಿ ಈ ಒಂದು ಶಾಲೆಯ ಬೆಂಚಿನಿಂದ ಬಂದವರು. ಅಡಾ ಅವರ ಅಣ್ಣ ವಿಲಿಯಂ ಕೂಪರ್ ಅವರಲ್ಲೊಬ್ಬರು. ನಮ್ಮ ಲೀಗ್ ಕಥೆಗೆ ಬೇಕಾದವನು ಇನ್ನೊಬ್ಬ ಶಿಷ್ಯ, 1906ರಲ್ಲಿ ಅಲ್ಲೇ ಹುಟ್ಟಿದ ಡಗ್ ನಿಕೋಲ್ಸ್.

ಆಳು ಐದಡಿ ಎರಡಿಂಚು. ಕಾಲಿನಲ್ಲಿ ಮಾತ್ರ ಮಿಂಚು. ಕಮ್ಮೆರಗುಂಜದವರು ಫೂಟಿಯಲ್ಲಿ ಸುತ್ತಲಿನ ಊರಿಗೆಲ್ಲ ಸವಾಲಾಗಿದ್ದವರು. ಅವರ ತಂಡ ಅಲ್ಲಿನ ಸಣ್ಣ ಲೀಗ್‌ನಲ್ಲಿ ಮತ್ತೆ ಮತ್ತೆ ಗೆದ್ದಿತ್ತು. ಅಲ್ಲಿಂದ ಡಗ್ ಗೌಲ್‌ಬರ್ನ್ ವ್ಯಾಲಿ ಲೀಗ್‌ಗೆ ಹೋಗಿ ಟೊಂಗಾಲಾ ಊರಿನ ಪರವಾಗಿ ಆಡಿದ. ಒಬ್ಬ ಒಳ್ಳೆಯ ಆಟಗಾರನನ್ನು ಒಬ್ಬಂಟಿಯಾಗಿ ಕರೆದುಕೊಳ್ಳಲು ಲೀಗ್‌ಗಳಿಗೆ ಅಡ್ಡಿ ಇರಲಿಲ್ಲ ಎಂಬುದನ್ನು ಇಲ್ಲಿ ನೆನಪಿಟ್ಟುಕೊಳ್ಳಿ. ಇಡೀ ತಂಡ ತನ್ನದೇ ಜೆರ್ಸಿ ಹಾಕಿ ಬರುತ್ತೇನೆಂದಾಗ ಅಡ್ಡಿ ಶುರುವಾಗುತ್ತದೆ.

1927ರಲ್ಲಿ ಡಗ್ ಮೆಲ್ಬರ್ನ್‌ಗೆ ಹೋಗಿ ದೊಡ್ಡ ಕ್ಲಬ್ ಕಾರ್ಲ್‌ಟನ್‌ನಲ್ಲಿ ಅದೃಷ್ಟ ನೋಡಿದ. ಆಟದ ನಂತರ ಎಲ್ಲರ ಕಾಲು ತಿಕ್ಕುವವರು ಇವನ ಕಾಲು ಮುಟ್ಟಲಿಲ್ಲ. ಮೈ ಬಣ್ಣ ಅಷ್ಟೇ ಕಾರಣ. ಅಲ್ಲಿಂದ ಹೊರಟವನು ನಾರ್ತ್‌ಕೋಟ್ ಕ್ಲಬ್ ಸೇರಿದ, 1932ರಲ್ಲಿ ಫಿಟ್ಜ್‌ರಾಯ್ ಸೇರಿ 54 ಪಂದ್ಯ ಆಡಿದ, 1935ರಲ್ಲಿ ವಿಕ್ಟೋರಿಯಾ ರಾಜ್ಯ ತಂಡಕ್ಕೆ ಆಯ್ಕೆಯಾದ. ಫಿಟ್ಜ್‌ರಾಯ್‌ನಲ್ಲಿ ಮೊದಲ ದಿನಗಳಲ್ಲಿ ಬಟ್ಟೆ ಬದಲಿಸುವ ಕೋಣೆಯಲ್ಲಿ ಮೂಲೆಯಲ್ಲಿ ಒಬ್ಬನೇ ಕೂತಿರುತ್ತಿದ್ದವನ ಪಕ್ಕ ಆ ಕಾಲದ ದೊಡ್ಡ ಆಟಗಾರ ಹೇಡನ್ ಬಂಟನ್ ತನ್ನ ಚೀಲ ತಂದಿಟ್ಟು ಕೂತನಂತೆ. ಆ ಮೇಲೆ ಉಳಿದವರು ಸರಿಯಾದರು. ಕ್ಲಬ್‌ನಲ್ಲಿ ಸುತ್ತೋಲೆ ಹೊರಡಿಸಿ ಆಗದ್ದು ಒಬ್ಬ ಹಿರಿಯ ಆಟಗಾರ ಎದ್ದು ಬಂದು ಕೂತದ್ದರಿಂದ ಆಯಿತು. ಡಗ್ ಮುಂದೆ ಪಾದ್ರಿಯಾದ, ಹಕ್ಕಿನ ಹೋರಾಟಗಾರನಾದ, 1972ರಲ್ಲಿ ‘ಸರ್’ ಪದವಿ ಪಡೆದ, 1976ರಲ್ಲಿ ದಕ್ಷಿಣ ಆಸ್ಟ್ರೇಲಿಯಾದ ರಾಜ್ಯಪಾಲನಾದ. ಈಗ ದೇಶದ ದೊಡ್ಡ ಲೀಗ್ ಪ್ರತಿ ವರ್ಷ ಮೂಲನಿವಾಸಿಗಳ ಗೌರವಕ್ಕೆ ಮೀಸಲಿಡುವ ಸುತ್ತಿಗೆ ಅವನದ್ದೇ ಹೆಸರು.

ಒಬ್ಬ ಡಗ್ ರಾಜ್ಯಪಾಲನಾದದ್ದು ನಿಜ. ಊರಿನಲ್ಲಿ ಉಳಿದವರ ಕಥೆ ಬೇರೆ.

1939ರ ಫೆಬ್ರವರಿ 4ರಂದು ಕಮ್ಮೆರಗುಂಜದಿಂದ ಸುಮಾರು 200 ಮಂದಿ ಹೆಂಗಸರು, ಮಕ್ಕಳು, ಮುದುಕರ ಸಮೇತ ಎದ್ದು ಹೊರಟರು. ಸರಿಯಾದ ಆಹಾರವಿಲ್ಲ, ಮೇಲ್ವಿಚಾರಕನ ದರ್ಪ ತಾಳಲಾಗದು. ಮರ್ರೆ ನದಿ ದಾಟಿ ವಿಕ್ಟೋರಿಯಾ ಕಡೆಗೆ ಬಂದರು. ಅವರಲ್ಲಿ ಬಹಳ ಮಂದಿ ಕೊನೆಗೆ ತಂಗಿದ್ದು ಮೂರೂಪ್ನಾ, ಶೆಪ್ಪರ್ಟನ್‌ಗಳ ನಡುವಿನ ನದಿ ಬಯಲಿನಲ್ಲಿ. ‘ದಿ ಫ್ಲಾಟ್ಸ್’ ಎಂದು ಅದರ ಹೆಸರು. ತಗಡು, ಗೋಣಿ, ಡಬ್ಬಿ ಸೇರಿಸಿ ಕಟ್ಟಿದ ಗುಡಿಸಲುಗಳು. ನೆರೆ ಬಂದರೆ ಮನೆ ಹೋಯಿತು. ಹಗಲು ತೋಟದಲ್ಲಿ ಹಣ್ಣು ಕೊಯ್ಯುವುದು, ಡಬ್ಬಿ ಕಾರ್ಖಾನೆಯಲ್ಲಿ ದುಡಿಯುವುದು. ಹೊಳೆ ಬದಿ ಜಾಗದಲ್ಲಿ ಬಾಳಿದ ಮನೆಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1954ರಲ್ಲಿ ಎಲಿಜಬೆತ್ ರಾಣಿ ಶೆಪ್ಪರ್ಟನ್‌ಗೆ ಬಂದಾಗ ರಸ್ತೆ ಬದಿಗೆ ಗೋಣಿ ಪರದೆ ಕಟ್ಟಿ ಈ ಗುಡಿಸಲುಗಳನ್ನು ಮರೆ ಮಾಡಿದರು ಎಂದು ಅಲ್ಲಿನ ಹಿರಿಯರು ಇಂದಿಗೂ ಹೇಳುತ್ತಾರೆ. 1958ರಲ್ಲಿ ಮೂರೂಪ್ನಾ ಹೊರವಲಯದಲ್ಲಿ ಹತ್ತು ಕಾಂಕ್ರೀಟ್ ಮನೆಗಳು ಬಂದವು. ಆ ಜಾಗಕ್ಕೆ ಇಟ್ಟ ಹೆಸರು ರುಂಬಲಾರಾ, ಕಾಮನಬಿಲ್ಲು ಎಂದರ್ಥ.

ಇವರ ಹುಡುಗರು ಆಡದೆ ಇರುತ್ತಾರಾ? ಆಡಿದರು. ಮೂರೂಪ್ನಾದ ಪರ, ಶೆಪ್ಪರ್ಟನ್‌ನ ಪರ, ಯಾರು ಕರೆದರೆ ಅವರ ಪರ. ಗೆದ್ದಾಗ ಹೆಗಲ ಮೇಲೆ. ಪಂದ್ಯ ಮುಗಿದ ಮೇಲೆ ಕ್ಲಬ್‌ಹೌಸ್‌ನಲ್ಲಿ ಅವರ ಉಮ್ಮಂದಿರಿಗೆ, ಅಕ್ಕ ತಂಗಿಯರಿಗೆ ಕುರ್ಚಿ ಇತ್ತಾ? ಪ್ರಶ್ನೆ ಅದು. ನಮ್ಮದೇ ಒಂದು ಕ್ಲಬ್ ಇರಲಿ, ಕಮ್ಮೆರಗುಂಜದ ತಂಡ ಮತ್ತೆ ಎದ್ದು ನಿಲ್ಲಲಿ ಎಂದು ಹಿರಿಯರು ಲೀಗ್‌ಗಳ ಬಾಗಿಲು ತಟ್ಟಿದರು. ಒಂದಲ್ಲ, ಹಲವು ಸಲ. ಲೀಗ್‌ನ ಬಾಗಿಲು ಎಂದರೆ ಏನೆಂದು ಪಂದ್ಯಾಟ ನಡೆಸಿದವರಿಗೆ ಗೊತ್ತು. ಇರುವ ಕ್ಲಬ್ಬುಗಳು ಮತ ಹಾಕಬೇಕು. ಮೈದಾನ ಸರಿಯಿಲ್ಲ, ತಂಡ ಸಾಕು, ವೇಳಾಪಟ್ಟಿ ಹೊಂದುವುದಿಲ್ಲ ಎನ್ನಬಹುದು. ಯಾರೂ ‘ನೀವು ಬೇಡ’ ಎಂದು ಬಾಯಿಬಿಟ್ಟು ಹೇಳುವ ಅಗತ್ಯ ಬೀಳುವುದಿಲ್ಲ.

ಕೊನೆಗೆ 1997ರಲ್ಲಿ ಸೆಂಟ್ರಲ್ ಗೌಲ್‌ಬರ್ನ್ ಎಂಬ ಎರಡನೇ ಹಂತದ ಲೀಗ್ ಬಾಗಿಲು ತೆರೆಯಿತು. ಪಾಲ್ ಬ್ರಿಗ್ಸ್ ಅಧ್ಯಕ್ಷತೆಯಲ್ಲಿ ರುಂಬಲಾರಾ ಫುಟ್ಬಾಲ್ ನೆಟ್‌ಬಾಲ್ ಕ್ಲಬ್ ಅಂಗಳಕ್ಕೆ ಇಳಿಯಿತು. ಮರು ವರ್ಷವೇ, 1998ರಲ್ಲಿ, ಹಿರಿಯರ ತಂಡ ಪ್ರೀಮಿಯರ್‌ಶಿಪ್ ಗೆದ್ದಿತು. ಒಂದು ಲೀಗ್‌ಗೆ ಸೇರಿಸಿಕೊಳ್ಳಲು ಇಷ್ಟೊಂದು ವರ್ಷ ಬೇಕಾದ ತಂಡ ಕಪ್ ಎತ್ತಲು ಎರಡೇ ಸೀಸನ್ ತೆಗೆದುಕೊಂಡಿತು. ಆ ಲೀಗ್ ಮುಚ್ಚಿದ ಮೇಲೆ 2006ರಿಂದ ಅವರು ಮರ್ರೆ ಲೀಗ್‌ನಲ್ಲಿ ಆಡುತ್ತಿದ್ದಾರೆ. ಎಲ್ಲ ಸುಖಾಂತ್ಯವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಮೈದಾನದ ಒಳಗೂ ಬೇಲಿಯ ಆಚೆಯಿಂದಲೂ ಬಣ್ಣ ಹಿಡಿದು ಬೈಯುವವರ ಬಗ್ಗೆ ಕ್ಲಬ್ ಆಗಾಗ ದೂರು ಕೊಡುತ್ತಲೇ ಬಂದಿದೆ.

ಈ ಕ್ಲಬ್ ಬರೀ ಕಪ್ಪಿಗಾಗಿ ಹುಟ್ಟಿದ್ದಲ್ಲ. ಮೂಲನಿವಾಸಿಗಳ ಆಯುಷ್ಯ ಅಲ್ಲಿನ ಉಳಿದವರಿಗಿಂತ ಕಡಿಮೆ. ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆ, ಶಾಲೆ ಬಿಟ್ಟ ಮಕ್ಕಳು, ಕುಡಿತ. ತರಬೇತಿಯ ಸಂಜೆ ಹುಡುಗ ಮೈದಾನಕ್ಕೆ ಬಂದರೆ ಅವನ ರಕ್ತದೊತ್ತಡವನ್ನೂ ನೋಡಬಹುದು, ಶಾಲೆಗೆ ಹೋದನಾ ಎಂದೂ ಕೇಳಬಹುದು ಎಂಬ ಲೆಕ್ಕ ಅವರದ್ದು. ಮುಂದೆ ಮೆಲ್ಬರ್ನ್ ವಿಶ್ವವಿದ್ಯಾಲಯದ ಜೊತೆ ಸೇರಿ ಆಟ, ಆರೋಗ್ಯ, ವಿದ್ಯೆ ಮೂರನ್ನೂ ಸೇರಿಸಿದ ಕಲಿಕಾ ಕೇಂದ್ರವೊಂದನ್ನೂ ಕಟ್ಟಿದರು. ಆಟದ ಆಸೆಗೆ ಬಂದವರನ್ನು ತರಗತಿಯಲ್ಲಿ ಕೂರಿಸುವ ಉಪಾಯ. ಡಯಾಲಿಸಿಸ್‌ಗೆ ಹಣ ಹೊಂದಿಸುವ ಹೊತ್ತಿಗೆ ಎಚ್ಚರವಾಗುವ ನಮ್ಮ ಯುವಕ ಸಂಘಗಳು ಈ ಲೆಕ್ಕವನ್ನು ಒಮ್ಮೆ ನೋಡಬಹುದು.

ಶೆಪ್ಪರ್ಟನ್‌ಗೆ ಇನ್ನೊಂದು ಗುರುತೂ ಉಂಟು, ನಮ್ಮ ಓದುಗರಿಗೆ ಇಷ್ಟವಾಗುವಂಥದ್ದು. 1920ರ ದಶಕದಿಂದ ಅಲ್ಬೇನಿಯಾದ ಮುಸ್ಲಿಮರು ಇಲ್ಲಿಗೆ ಬಂದು ಕಾಡು ಕಡಿದು, ಹೊಲ ತೋಟಗಳಲ್ಲಿ ದುಡಿದು, ನಿಧಾನಕ್ಕೆ ತಾವೇ ತೋಟಗಾರರಾದರು. 1960ರ ಹೊತ್ತಿಗೆ ಅವರು ಕಟ್ಟಿದ ಮಸೀದಿಯನ್ನು ವಿಕ್ಟೋರಿಯಾ ರಾಜ್ಯದ ಮೊದಲ ಮಸೀದಿ ಎಂದು ಗುರುತಿಸುತ್ತಾರೆ. ಆ ಬಳಿಕ ಇರಾಕಿನವರು, ಅಫ್ಘಾನಿಸ್ತಾನದವರು ಬಂದರು. ಅಲ್ಬೇನಿಯನ್ ಮೂಲದ ಶೆಪ್ಪರ್ಟನ್ ಹುಡುಗ ಆದೆಮ್ ಊಝೆ ಮೆಲ್ಬರ್ನ್ ಕ್ಲಬ್‌ಗೆ 271 ಪಂದ್ಯ ಆಡಿದ. ಈಗ ದೇಶದ ಅತಿ ದೊಡ್ಡ ಕ್ಲಬ್ಬುಗಳಲ್ಲಿ ಒಂದಾದ ರಿಚ್ಮಂಡ್‌ಗೆ 2024ರ ಸೀಸನ್‌ನಿಂದ ಕೋಚ್. ಹಳ್ಳಿ ಲೀಗ್‌ಗಳ ಊರಿನಿಂದಲೇ ಅಷ್ಟು ದೂರ.

ಇನ್ನು ಹೆಸರಿನ ಉಳಿದ ಅರ್ಧಕ್ಕೆ ಬರೋಣ. ನೆಟ್‌ಬಾಲ್. ನಮಗೆ ಹೆಚ್ಚು ಹಿಡಿಸಿದ್ದು ಈ ಅರ್ಧ.

ನಮ್ಮ ಹೆಣ್ಣುಮಕ್ಕಳು ಶಾಲೆಯಲ್ಲಿ ತ್ರೋಬಾಲ್ ಆಡುತ್ತಾರಲ್ಲ, ಆಸ್ಟ್ರೇಲಿಯಾದ ಹಳ್ಳಿಗಳಲ್ಲಿ ಆ ಜಾಗ ನೆಟ್‌ಬಾಲ್‌ಗೆ. ಬಾಸ್ಕೆಟ್‌ಬಾಲ್‌ನಿಂದ ಹುಟ್ಟಿದ ಆಟ. ತಂಡಕ್ಕೆ ಏಳು ಜನ. ಚೆಂಡು ಹಿಡಿದು ಓಡುವ ಹಾಗಿಲ್ಲ, ಪುಟಿಸುತ್ತಾ ಹೋಗುವ ಹಾಗೂ ಇಲ್ಲ, ಕೈಗೆ ಬಂದ ಚೆಂಡನ್ನು ಮೂರು ಸೆಕೆಂಡಿನೊಳಗೆ ದಾಟಿಸಬೇಕು. ಯಾರು ಅಂಗಳದ ಯಾವ ಭಾಗಕ್ಕೆ ಹೋಗಬಹುದು ಎಂಬುದು ಎದೆಯ ಮೇಲಿನ ಅಕ್ಷರದಲ್ಲೇ ಬರೆದಿರುತ್ತದೆ. 3.05 ಮೀಟರ್ ಎತ್ತರದ ಬಳೆಗೆ ಚೆಂಡು ಹಾಕಲು ಏಳರಲ್ಲಿ ಇಬ್ಬರಿಗೆ ಮಾತ್ರ ಅನುಮತಿ. 1970ರವರೆಗೂ ಇದನ್ನು ಅಲ್ಲಿ ‘ಮಹಿಳಾ ಬಾಸ್ಕೆಟ್‌ಬಾಲ್’ ಎಂದೇ ಕರೆಯುತ್ತಿದ್ದರು.

ದಶಕಗಳ ಕಾಲ ಫೂಟಿ ಕ್ಲಬ್‌ನಲ್ಲಿ ಹೆಂಗಸರ ಜಾಗ ಕ್ಯಾಂಟೀನ್. ಸ್ಯಾಂಡ್‌ವಿಚ್ ಮಾಡುವುದು, ಜೆರ್ಸಿ ಒಗೆಯುವುದು, ಲಾಟರಿ ಟಿಕೆಟ್ ಮಾರಿ ಕ್ಲಬ್‌ಗೆ ಹಣ ಕೂಡಿಸುವುದು. ನೆಟ್‌ಬಾಲ್ ಬೇರೆ ಸಂಘ, ಬೇರೆ ಅಂಗಳ. ನಿಧಾನಕ್ಕೆ ಒಂದೊಂದು ಲೀಗ್‌ನಲ್ಲಿ ಹುಡುಗಿಯರ ಪಂದ್ಯಗಳು ಹುಡುಗರ ಪಂದ್ಯದ ದಿನವೇ, ಅದೇ ಮೈದಾನದ ಪಕ್ಕದ ಅಂಗಳಕ್ಕೆ ಬಂದವು. ಆಮೇಲೂ ಹೆಸರು ‘ಫುಟ್ಬಾಲ್ ಲೀಗ್’ ಎಂದೇ ಇತ್ತು. 1990ರ ದಶಕದಿಂದ ಈಚೆಗೆ ಒಂದೊಂದಾಗಿ ಲೀಗ್‌ಗಳು, ಕ್ಲಬ್ಬುಗಳು ಹೆಸರಿನ ನಡುವೆ ‘ನೆಟ್‌ಬಾಲ್’ ಸೇರಿಸಿಕೊಂಡವು. ಬೋರ್ಡ್ ಬದಲಾಯಿತು, ಲೆಟರ್‌ಹೆಡ್ ಬದಲಾಯಿತು. ಬಟ್ಟೆ ಬದಲಿಸುವ ಕೋಣೆ ಬರಲು ಹಲವು ಕಡೆ ಇನ್ನೂ ವರ್ಷಗಳು ಬೇಕಾದವು. ಹುಡುಗರಿಗೆ ಬಿಸಿನೀರು, ಹುಡುಗಿಯರು ಕಾರಿನಲ್ಲೇ ಬಟ್ಟೆ ಬದಲಿಸುವುದು. ಈ ಜಗಳ ಅಲ್ಲಿ ಪೂರ್ತಿ ಮುಗಿದಿಲ್ಲ.

ಹೆಸರು ಸೇರಿದ್ದು ಉಪಕಾರದಿಂದ ಅಲ್ಲ ಎಂಬುದು ನಮ್ಮ ಅಂದಾಜು. ಯಂತ್ರಗಳು ಬಂದು ಹೊಲದ ಕೆಲಸ ಕಡಿಮೆಯಾಯಿತು, ಜನ ಪೇಟೆಗೆ ಹೋದರು, ಸಣ್ಣ ಊರುಗಳಲ್ಲಿ 18 ಹುಡುಗರು ಸಿಗುವುದೇ ಕಷ್ಟವಾಯಿತು. ಕ್ಲಬ್ಬುಗಳು ಮುಚ್ಚಿದವು, ಎರಡು ಊರಿನ ಕ್ಲಬ್ ಸೇರಿ ಒಂದಾಯಿತು. ಒಳ್ಳೆಯ ಆಟಗಾರನನ್ನು ದುಡ್ಡು ಕೊಟ್ಟು ತರುವ ಚಾಳಿ ಬೇರೆ. ಹವ್ಯಾಸಿ ಲೀಗ್ ಎನ್ನುತ್ತಾರೆ, ಆದರೆ ಲಕೋಟೆ ಓಡಾಡುತ್ತದೆ. ಅದಕ್ಕೆ ಕಡಿವಾಣ ಹಾಕಲು ಆಟಗಾರನಿಗೆ ಪಾಯಿಂಟ್, ಕ್ಲಬ್‌ಗೆ ಖರ್ಚಿನ ಮಿತಿ ಎಂದೆಲ್ಲ ನಿಯಮ ತಂದಿದ್ದಾರೆ. ಇಂಥ ಹೊತ್ತಿನಲ್ಲಿ ಕ್ಲಬ್ ಉಳಿದದ್ದು ಇಡೀ ಮನೆ ಮೈದಾನಕ್ಕೆ ಬಂದ ಕಡೆ. ಅಪ್ಪ ಒಂದು ಕಡೆ ಆಡುತ್ತಾನೆ, ಮಗಳು ಪಕ್ಕದಲ್ಲಿ ಆಡುತ್ತಾಳೆ, ತಾಯಿ ‘ಸಿ’ ಗ್ರೇಡ್‌ನಲ್ಲಿ ಆಡಿ ಬಂದು ಸ್ಕೋರ್ ಬರೆಯುತ್ತಾಳೆ, ಅಜ್ಜ ಬೇಲಿಗೆ ಮುಖ ಮಾಡಿ ನಿಲ್ಲಿಸಿದ ಕಾರಿನಲ್ಲಿ ಕೂತು ಗೋಲಾದಾಗ ಹಾರ್ನ್ ಬಾರಿಸುತ್ತಾನೆ. ಅಂಥ ಮನೆ ಕ್ಲಬ್ ಬಿಟ್ಟು ಸುಲಭಕ್ಕೆ ಹೋಗುವುದಿಲ್ಲ. 2020ರಲ್ಲಿ ಕೊರೊನಾದಿಂದ ಸೀಸನ್ ಪೂರ್ತಿ ನಿಂತಿತು. 2022ರ ಅಕ್ಟೋಬರ್ ನೆರೆಗೆ ಶೆಪ್ಪರ್ಟನ್, ಮೂರೂಪ್ನಾ, ರೋಚೆಸ್ಟರ್‌ಗಳಲ್ಲಿ ಮನೆ, ಮೈದಾನ ಎಲ್ಲ ನೀರಾಯಿತು. ಮರು ಸೀಸನ್ನಿಗೆ ಲೀಗ್ ಮತ್ತೆ ಆಡಿತು.

ಉಡುಪಿನ ಮಾತು ಕೇಳದೆ ನಮ್ಮ ಮನೆಗಳಲ್ಲಿ ಈ ಕಥೆ ಮುಗಿಯದು. ನೆಟ್‌ಬಾಲ್‌ನ ಸಂಪ್ರದಾಯದ ಉಡುಪು ಗಿಡ್ಡ, ಬಿಗಿ ಫ್ರಾಕ್. ಅದೊಂದೇ ಕಾರಣಕ್ಕೆ ಆಟ ಬಿಟ್ಟ ಹುಡುಗಿಯರು ಮುಸ್ಲಿಮರಲ್ಲಿ ಮಾತ್ರ ಅಲ್ಲ, ಎಲ್ಲರಲ್ಲೂ ಇದ್ದರು. ಈಚಿನ ವರ್ಷಗಳಲ್ಲಿ ಅಲ್ಲಿನ ನೆಟ್‌ಬಾಲ್ ಸಂಸ್ಥೆಗಳು ನಿಯಮ ಸಡಿಲಿಸಿವೆ. ಉದ್ದ ತೋಳು, ಲೆಗ್ಗಿಂಗ್ಸ್, ಶಾರ್ಟ್ಸ್, ಹಿಜಾಬ್, ಯಾರಿಗೆ ಯಾವುದು ಸರಿಯೋ ಅದು, ತಂಡದ ಬಣ್ಣ ಹೊಂದಿದರೆ ಸಾಕು. ಹೀಗೆ ಮಾಡಿದ್ದರಿಂದ ಆಟದ ವೇಗವೇನೂ ಕಡಿಮೆಯಾಗಲಿಲ್ಲ.

ನಮ್ಮಲ್ಲಿಯೂ ಹುಡುಗಿಯರು ಹೈಸ್ಕೂಲ್‌ವರೆಗೆ ತ್ರೋಬಾಲ್ ಆಡಿ, ತಾಲೂಕು ಮಟ್ಟಕ್ಕೆ ಹೋಗಿ ಸರ್ಟಿಫಿಕೇಟ್ ತಂದು, ಉಮ್ಮ ಅದನ್ನು ಕಪಾಟಿನಲ್ಲಿಟ್ಟು, ಅಲ್ಲಿಗೆ ಆಟ ಮುಗಿಯುತ್ತದೆ. ತಮ್ಮಂದಿರು ಮದುವೆಯಾದ ಮೇಲೂ ಪಂದ್ಯಾಟ ಎಂದು ಅರ್ಧ ರಾತ್ರಿಗೆ ಮನೆಗೆ ಬರುತ್ತಾರೆ. ಸಂಘಟಕರನ್ನು ಕೇಳಿದರೆ ಜಾಗವಿಲ್ಲ, ತಂಡ ಸಿಗುವುದಿಲ್ಲ, ಜನ ಏನು ಹೇಳುತ್ತಾರೆ ಎನ್ನುತ್ತಾರೆ. ಕಣಿವೆಯ ಆ ಸಮಿತಿಗಳು ಕೊಟ್ಟ ಉತ್ತರಗಳನ್ನು ಮೇಲೆ ಓದಿದಿರಲ್ಲ.

ತ್ರೋಬಾಲ್ ಅಂಗಳಕ್ಕೆ ಬೇಕಾದದ್ದು 18.30 ಮೀಟರ್ ಉದ್ದ, 12.20 ಮೀಟರ್ ಅಗಲದ ಸಮತಟ್ಟು ಜಾಗ, ಒಂದು ನೆಟ್, ಎರಡು ಕಂಬ, ಗೆರೆಗೆ ಸುಣ್ಣ. ಮದ್ರಸದ ಹಿಂದಿನ ಅಂಗಳದಲ್ಲಿ ಹಗಲು ಹೊತ್ತಿನಲ್ಲಿ, ಬೇಕಾದರೆ ಸುತ್ತ ಶೀಟ್ ಕಟ್ಟಿ, ನಡೆಸಬಹುದು. ಈ ಡಿಸೆಂಬರಿನ ಫ್ಲೆಕ್ಸ್ ಪ್ರಿಂಟಿಗೆ ಹೋಗುವುದಕ್ಕೆ ಇನ್ನೂ ಸಮಯ ಉಂಟು. ನಿಮ್ಮ ಊರಿನ ಸಂಘದ ಅಧ್ಯಕ್ಷರು ಜುಮಾ ಮುಗಿಸಿ ಹೊರಗೆ ಬರುವಾಗ ಹಿಡಿದು ನಿಲ್ಲಿಸಿ ಕೇಳಿ.